ಪ್ಯಾರಾ ಮೊದಲಿಂದ

ನಾನು ಬರೆದ ಪುಸ್ತಕಕ್ಕೆ ನನ್ನ ಹೊಟ್ಟೆಯೂ ಒಂದಿಷ್ಟು ಕಾಣಿಕೆ ಕೊಟ್ಟಿದೆ. ಓದಿದವರಿಗೆ ಅದು ಗೊತ್ತಾಗುವುದಿಲ್ಲ. ಕೇಳಿದವರಿಗೆ ಗೊತ್ತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಹಿಡಿದು, ಮನೆಮನೆಗೆ ಕಳಿಸುವ ಸಂಸ್ಥೆಯೊಂದು ನಮ್ಮಲ್ಲಿದೆ. ಅದಕ್ಕೊಂದು ಉದ್ದನೆಯ ಹೆಸರಿದೆ. ನಾವೆಲ್ಲ ಓದುಮನೆ ಎನ್ನುತ್ತೇವೆ. ನನ್ನ ಹಾಸ್ಯ ಲೇಖನಗಳನ್ನು ನಾನೇ ಬಂದು ಓದಬೇಕು ಎಂದು ಅಲ್ಲಿಂದ ಕರೆ ಬಂದಾಗ ಉಬ್ಬಿಹೋದೆ. ಓದುವವನ ಹೊಟ್ಟೆ ಭಾರವಿರಬಾರದು ಎಂದು ಯಾರೋ ಹೇಳಿದ್ದನ್ನು ಅಗತ್ಯಕ್ಕಿಂತ ಹೆಚ್ಚು ನಂಬಿ, ಬೆಳಗ್ಗೆ ಒಂದು ತುತ್ತೂ ತಿನ್ನದೆ ಹೋಗಿ ಕೂತೆ.

ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದು ಮಾಡಿದ ಪುಟ್ಟ ಕೋಣೆ. ಸದ್ದಾಗುತ್ತದೆಂದು ಫ್ಯಾನ್ ಇಲ್ಲ. ಎದುರಿಗೆ ಮೈಕು, ಅದರಾಚೆ ಗಾಜು, ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡ ಇಬ್ಬರು. ಒಬ್ಬರು ಯಂತ್ರ ನೋಡಿಕೊಳ್ಳುವ ಮೇಡಂ. ಇನ್ನೊಬ್ಬ ನನ್ನ ಪುಸ್ತಕ ತೆರೆದಿಟ್ಟು, ನಾನು ಓದಿದಂತೆಲ್ಲ ಸಾಲಿನ ಕೆಳಗೆ ಬೆರಳು ಎಳೆಯುತ್ತಿದ್ದ ತೆಳ್ಳನೆಯ, ನರೆಗೂದಲಿನ ಮನುಷ್ಯ. ಇಡೀ ಪುಸ್ತಕದಲ್ಲಿ ಜನ ಬಿದ್ದು ಬಿದ್ದು ನಗಬೇಕೆಂದು ನಾನು ಆಸೆಪಟ್ಟಿದ್ದ ವಾಕ್ಯ ಬಂತು. ಅದಕ್ಕೆ ಮುಂಚೆ ಒಂದು ಕ್ಷಣ ತಡೆದೆ. ಆ ಮೌನದಲ್ಲಿ ನನ್ನ ಹೊಟ್ಟೆ, ಖಾಲಿ ಡ್ರಮ್ಮು ಮೆಟ್ಟಿಲ ಮೇಲೆ ಉರುಳಿದ ಹಾಗೆ, ದಡದಡನೆ ಗುಡುಗಿತು.

ಗಾಜಿನಾಚೆಯ ಮನುಷ್ಯ ಗುಂಡಿ ಒತ್ತಿದ. ಸಾವಿನ ಸುದ್ದಿ ತಂದವನಂಥ ಗಂಭೀರ ಧ್ವನಿ.

"ಹೊಟ್ಟೆ ಬಂತು ಸಾರ್. ಪ್ಯಾರಾ ಮೊದಲಿಂದ."

ಮತ್ತೆ ಓದಿದೆ. ಮತ್ತೆ ಅದೇ ಜಾಗದಲ್ಲಿ ಗುಡುಗಿತು. ನಿಮ್ಮ ಹೊಟ್ಟೆಗೂ ಜೋಕು ಎಲ್ಲಿದೆ ಅಂತ ಗೊತ್ತು ಸಾರ್, ಎಂದ ಆ ಮನುಷ್ಯ ಒಂದಿಷ್ಟೂ ನಗದೆ. ಯಂತ್ರದ ಮೇಡಂ ಮಾತ್ರ ಮೇಜಿನ ಕೆಳಗೆ ಏನನ್ನೋ ಹುಡುಕುವವರ ಹಾಗೆ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ಕಡೆಗೆ ಒಂದು ಗುಡುಗನ್ನು ಹಾಗೆಯೇ ಬಿಡಬೇಕಾಯಿತು. ಅದನ್ನು ಕತ್ತರಿಸಿದರೆ ಜೋಕಿನ ಬಾಲವೂ ಕತ್ತರಿಸಿಹೋಗುತ್ತಿತ್ತಂತೆ.

ಹೀಗೆ ನನಗೆ ಆ ಗಾಜಿನಾಚೆಯ ಮನುಷ್ಯನ, ಓದುಮನೆಯವರೆಲ್ಲ ಕರೆಯುವಂತೆ ಪ್ಯಾರಣ್ಣನ, ಪರಿಚಯವಾಯಿತು.

ಓದುಮನೆಯ ಮುಖ್ಯ ಓದುಗ ಅವನೇ. ಎದುರಿಗೆ ನಾನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯುವಾಗ ಪ್ರೀತಿ ಏಕವಚನಕ್ಕೆ ಇಳಿಯುತ್ತದೆ. ಮೀಸೆ ಮೂಡಿದಾಗ ಆ ಹಾಸಿಗೆ ಕೋಣೆ ಹೊಕ್ಕವನು ನಮ್ಮ ನಾಡಿನ ದೊಡ್ಡ ಕಾದಂಬರಿಗಳನ್ನೆಲ್ಲ ಗಟ್ಟಿಯಾಗಿ ಓದಿ ಮುಗಿಸಿದ್ದ. ಕೆಲವನ್ನು ಯಂತ್ರ ಬದಲಾದಾಗಲೆಲ್ಲ ಮತ್ತೆ ಮತ್ತೆ ಓದಿದ್ದ. ಅಲ್ಲಿನ ಪದ್ಧತಿ ಹೀಗೆ: ನಾಲಿಗೆ ತಡವರಿಸಿದರೆ ತಪ್ಪಿದ ಪದದಿಂದ ಮುಂದುವರಿಸುವಂತಿಲ್ಲ, ಪ್ಯಾರಾದ ಮೊದಲಿಂದ ಓದಬೇಕು. ಹಿಂದಿನದನ್ನು ಅಳಿಸಿ ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೊನೆಯ ಓದೇ ಸರಿಯಾದ ಓದು.

ಆ ಪದ್ಧತಿ ಅವನ ಮೈಗೆ ಹತ್ತಿಬಿಟ್ಟಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನಾಲಿಗೆ ತೊಡರಿದರೆ "ನಮಸ್ಕಾರ" ಎಂಬಲ್ಲಿಂದ ಮತ್ತೆ ಶುರು ಮಾಡುತ್ತಿದ್ದ. ಹಿಂದೆ ನಿಂತವರು ಕುದಿಯುತ್ತಿದ್ದರು. ಇಷ್ಟು ಸಾಲದು ಎಂಬಂತೆ, ದೊಡ್ಡವರ ಗದ್ಯವೆಲ್ಲ ಅವನ ಗಂಟಲಿಗೆ ಇಳಿದು ಅಲ್ಲೇ ಮನೆ ಮಾಡಿಕೊಂಡಿತ್ತು. ಆಲೂಗಡ್ಡೆ ಕೊಳ್ಳುವಾಗಲೂ ವಾಕ್ಯದ ಕೊನೆಯಲ್ಲಿ ದನಿ ತಗ್ಗಿಸಿ ಒಂದು ನಿಟ್ಟುಸಿರು ಬಿಡುತ್ತಿದ್ದ. ತರಕಾರಿಯವಳು ಒಂದು ದಿನ ತಕ್ಕಡಿ ಕೆಳಗಿಟ್ಟೇ ಕೇಳಿದಳಂತೆ, "ಅಣ್ಣಾ, ನಿಂಗೆ ಆಲೂಗಡ್ಡೆ ಬೇಕಾ, ಇಲ್ಲ ಮನೇಲಿ ಯಾರಾದ್ರೂ ಹೋಗ್ಬಿಟ್ರಾ?"

ನಮ್ಮ ಕಾದಂಬರಿಗಳನ್ನು ಓದಿದವರಿಗೆ ಇದು ಆಶ್ಚರ್ಯವೆನಿಸುವುದಿಲ್ಲ. ಅವುಗಳಲ್ಲಿ ಯಾರೂ ಸುಮ್ಮನೆ ಸಾಯುವುದಿಲ್ಲ, ಮೊದಲು ಒಂದು ದೀಪ ಸಣ್ಣಗಾಗುತ್ತದೆ. ಸಿಟ್ಟು ಬಂದರೆ ಯಾರೂ ಬೈಯುವುದಿಲ್ಲ, ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಗಂಡಸು ತಪ್ಪು ಮಾಡಿದರೆ ವಿಧಿ ಮಾಡಿಸಿತು ಎಂದು ಬರೆಯುತ್ತಾರೆ. ಮುಗಿಯಲು ಕೆಲವೇ ಪುಟ ಉಳಿದಿರುವಾಗ ಮನೆಯ ಹಿರಿಯ ಹೆಣ್ಣು ಎಲ್ಲರನ್ನೂ ಕ್ಷಮಿಸಿಬಿಡುತ್ತಾಳೆ. ಕ್ಷಮಿಸುತ್ತೀಯಾ ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ.

ಇದನ್ನು ಹೇಳಿ ಬೆನ್ನು ತಟ್ಟಿಕೊಳ್ಳುವ ಯೋಗ್ಯತೆ ನನಗೂ ಇಲ್ಲ. ನನ್ನ ಲೇಖನಗಳಲ್ಲಿ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲು ತೆಗೆಯುತ್ತಾಳೆ. ನಮ್ಮ ಮನೆಯಲ್ಲಿ ಲಟ್ಟಣಿಗೆಯೇ ಇಲ್ಲ. ಹಿಂದಿನ ಹಾಸ್ಯಗಾರರ ಮನೆಯಿಂದ ಕಡ ತಂದದ್ದು. ಹೆಂಡತಿ ಆಕ್ಷೇಪಿಸಿದಾಗ ಓದುಗರು ಅದನ್ನು ನಿರೀಕ್ಷಿಸುತ್ತಾರೆ ಎಂದೆ. ಹಾಗಾದರೆ ಆ ಓದುಗರನ್ನೇ ಅಡುಗೆಗೂ ನಿರೀಕ್ಷಿಸಿ ಎಂದಳು.

ಪ್ಯಾರಣ್ಣ ಇದ್ದದ್ದು ಅಕ್ಕನ ಜೊತೆ, ಆಸ್ಪತ್ರೆಯ ಹಿಂಬದಿಯ ಬೀದಿಯಲ್ಲಿ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ. ತಂದೆ ತಾಯಿ ಒಬ್ಬರ ಹಿಂದೊಬ್ಬರು ಹೋದಾಗ ಅವನು ಇನ್ನೂ ಶಾಲೆಗೆ ಹೋಗುವ ಹುಡುಗ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿಕೊಂಡರು. ರಕ್ತ, ಕೀವು, ಔಷಧಿಯ ಕಲೆ ಬಿದ್ದ ಹಾಸಿಗೆ ಬಟ್ಟೆಗಳನ್ನು ಕುದಿಸಿ, ಹಿಂಡಿ, ಬಿಸಿ ಉರುಳೆಯ ನಡುವೆ ತೂರಿಸಿ ಇಸ್ತ್ರಿ ಮಾಡುವ ಕೆಲಸ. ಮುಂಗೈ ಮೇಲೆಲ್ಲ ಸುಟ್ಟ ಗುರುತು. ಹಬೆಯಲ್ಲಿ ಕೂಗಿ ಮಾತಾಡಿ ಮಾತಾಡಿ ಗಂಟಲು ಒರಟಾಗಿತ್ತು. ಬಾಯಿಯಂತೂ ಕೇಳಲೇಬೇಡಿ. ಮೇಲ್ವಿಚಾರಕ ಒಮ್ಮೆ ಕಲೆ ಹೋಗಿಲ್ಲ ಎಂದು ಬಟ್ಟೆ ಎತ್ತಿ ತೋರಿಸಿದಾಗ, ಅದು ಕಲೆ ಅಲ್ಲ ಸ್ವಾಮಿ, ನಿಮ್ಮ ನೆರಳು, ಎಷ್ಟು ಒಗೆದರೂ ಹೋಗೋದಿಲ್ಲ ಎಂದವರು ಅವರು. ಪ್ಯಾರಣ್ಣನ ಮದುವೆ ಯಾಕಾಗಲಿಲ್ಲ ಎಂದು ನಾನು ಕೇಳಿದ್ದಕ್ಕೂ ಅವರೇ ಉತ್ತರ ಕೊಟ್ಟರು. ಹೆಣ್ಣಿನ ಮನೆಗೆ ಹೋಗಿ ಮಾತು ತಡವರಿಸಿ, ಬಾಗಿಲ ಹೊರಗೆ ಹೋಗಿ ಚಪ್ಪಲಿ ಬಿಡುವುದರಿಂದ ಮತ್ತೆ ಶುರು ಮಾಡಿದನಂತೆ. ಹುಡುಗಿಯ ಅಪ್ಪ ಬಾಗಿಲು ಹಾಕಿಕೊಂಡನಂತೆ.

ಅಕ್ಕನ ಮದುವೆ ಯಾಕಾಗಲಿಲ್ಲ ಎಂಬುದನ್ನು ಮಾತ್ರ ಪ್ಯಾರಣ್ಣನೇ ಹೇಳಿದ, ಓದುಮನೆಯ ಕಾಫಿ ಕೋಣೆಯಲ್ಲಿ, ಲೋಟದ ಅಂಚನ್ನು ಉಜ್ಜುತ್ತ. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಒಬ್ಬನಿದ್ದ. ಅಕ್ಕನನ್ನು ಕೇಳಿದ್ದ. ಅಕ್ಕನಿಗೂ ಮನಸ್ಸಿತ್ತು. ಒಂದು ಸಂಜೆ ಡ್ರೈವರ್ ಉತ್ತರ ಕೇಳಲು ಮನೆಗೆ ಬಂದಾಗ ಅಕ್ಕ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಆಗಿನ್ನೂ ಹುಡುಗನಾಗಿದ್ದ ಪ್ಯಾರಣ್ಣ ಒಬ್ಬನೇ ಇದ್ದ. ಅಕ್ಕನಿಗೆ ನೀವು ಇಷ್ಟ ಇಲ್ಲವಂತೆ, ಬೇರೆ ಗೊತ್ತಾಗಿದೆ ಎಂದುಬಿಟ್ಟ. ಡ್ರೈವರ್ ಮಾನಸ್ಥ. ಬೇರೆ ಊರಿಗೆ ಬದಲಿ ಮಾಡಿಸಿಕೊಂಡು ಹೋದ. ಅವರಿವರ ಬಾಯಿಂದ ಅಕ್ಕನಿಗೆ ನಿಜ ಗೊತ್ತಾಗುವ ಹೊತ್ತಿಗೆ ಅವನಿಗೆ ಮದುವೆಯಾಗಿತ್ತು.

ಆ ದಿನ ಅಕ್ಕ ಚಪ್ಪಲಿಯಲ್ಲಿ ಹೊಡೆದರು. ಆಮೇಲೆ ತಟ್ಟೆ ಹಾಕಿ, "ನಿನ್ನ ಕ್ಷಮಿಸಿಲ್ಲ. ಊಟ ಮಾಡು" ಎಂದರು.

ಅಂದಿನಿಂದ ಊಟಕ್ಕೆ ಕರೆಯುವ ರೀತಿಯೇ ಅದಾಯಿತು. ನಾನೂ ಕಿವಿಯಾರೆ ಕೇಳಿದ್ದೇನೆ. ಸಿಟ್ಟಿಲ್ಲ, ಅಳುವಿಲ್ಲ. ಮಳೆ ಬರೋ ಹಾಗಿದೆ, ಛತ್ರಿ ತಗೋ ಎನ್ನುವಷ್ಟೇ ಸಲೀಸು. "ನಿನ್ನ ಕ್ಷಮಿಸಿಲ್ಲ, ಊಟ ಮಾಡು." ಅವನು ಕೂತು ಉಣ್ಣುತ್ತಿದ್ದ. ಒಮ್ಮೆ ಜ್ವರ ಬಂದು ಮಲಗಿದಾಗ ಗಂಜಿ ಕುಡಿಸುತ್ತ ಅದನ್ನೇ ಅಂದರಂತೆ. ಕೇಳಿ ಸಮಾಧಾನವಾಯಿತು ಸಾರ್, ಸಾಯೋ ಹಾಗಿದ್ದಿದ್ರೆ ಅನ್ನುತ್ತಿರಲಿಲ್ಲ ಎಂದ.

ಇದನ್ನು ಬರೆಯಬೇಕು ಎಂಬುದು ಅವನ ಹಟ. ಅಕ್ಕ ಹೇಗಿದ್ದಾರೋ ಹಾಗೆ. ತಾನು ಮಾಡಿದ್ದನ್ನು ಮಾಡಿದ ಹಾಗೆ. ಇಷ್ಟು ವರ್ಷದಲ್ಲಿ ಆ ತಪ್ಪನ್ನು ತಾನೇ ಬಾಯಿಬಿಟ್ಟು ಅಕ್ಕನ ಮುಂದೆ ಒಪ್ಪಿಕೊಂಡಿರಲಿಲ್ಲ. ಈಗ ಸಕ್ಕರೆ ಕಾಯಿಲೆ ಅಕ್ಕನ ಕಣ್ಣು ತಿಂದಿತ್ತು. ಓದುಮನೆಯಿಂದ ಹೋಗುವ ಪುಸ್ತಕಗಳನ್ನು ಕೇಳಿಕೊಂಡು ದಿನ ಕಳೆಯುತ್ತಿದ್ದರು. ಇದೂ ಒಂದು ಪುಸ್ತಕವಾಗಿ ಹೋದರೆ ಅಕ್ಕ ಕೇಳುತ್ತಾಳೆ, ಎದುರು ನಿಂತು ಹೇಳಲಾಗದ್ದನ್ನು ಹಾಗೆ ಹೇಳಿದಂತಾಗುತ್ತದೆ ಎಂಬ ಲೆಕ್ಕ ಅವನದು.

ಪೆನ್ನು ಹಿಡಿದು ಕೂತರೆ ಆಗುತ್ತಿರಲಿಲ್ಲ. "ಪೆನ್ನು ಮುಟ್ಟಿದ್ ಕೂಡ್ಲೇ ದೊಡ್ಡೋರೆಲ್ಲ ಬಂದು ಸುತ್ತ ಕೂತ್ಕೋತಾರೆ ಸಾರ್. ನಾನು ಅಕ್ಕ ಅಂತ ಬರೆದ್ರೆ ಅವ್ರು ದೀಪ ಹಚ್ತಾರೆ."

ಅದಕ್ಕೇ ಕಾಗದ ಬೇಡವೆಂದು ತೀರ್ಮಾನಿಸಿ, ಬರೀ ಬಾಯಿಂದ ಮೈಕಿನ ಮುಂದೆ ಹೇಳಿಬಿಡುವುದೆಂದು ಹೊರಟ. ಯಂತ್ರದ ಮೇಡಂ ಕೆಲಸ ಮುಗಿದ ಮೇಲೆ ಕೂರಲು ಒಪ್ಪಿದರು. ನನಗೂ ಒಂದೆರಡು ಪುಟ ತಿದ್ದಿ ಓದುವುದಿತ್ತಾದ್ದರಿಂದ ನಾನೂ ಗಾಜಿನ ಈಚೆ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ, ಈ ಸಲ ಗಡದ್ದಾಗಿ ತಿಂದುಕೊಂಡು.

ಡ್ರೈವರ್ ಬಂದ ಸಂಜೆ ಬಂತು. ಪ್ಯಾರಣ್ಣ ಕಣ್ಣು ಮುಚ್ಚಿಕೊಂಡು ಹೇಳಿದ:

"ನಾನು ಸುಳ್ಳು ಹೇಳಿದೆ. ಅಕ್ಕ ಹೋದ್ರೆ ನಂಗೆ ಊಟ ಹಾಕೋರ್ ಯಾರು ಅಂತ. ಅಷ್ಟೇ ಇದ್ದದ್ದು ತಲೇಲಿ. ಡ್ರೈವರ್ ನಂಗೊಂದು ಪೆಪ್ಪರ್‌ಮೆಂಟ್ ಕೊಟ್ಟು ಹೋದ. ನಾನದನ್ನ ತಿಂ... ತಿಂದೆ..."

ಅಲ್ಲಿ ನಾಲಿಗೆ ತಡವರಿಸಿತು. ಅಷ್ಟು ವರ್ಷ ಅವನ ಓದು ಕೇಳಿದ್ದ ಮೇಡಂ ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. ಪೆಪ್ಪರ್‌ಮೆಂಟಿನ ವಿಷಯ ಕಾಫಿ ಕೋಣೆಯಲ್ಲಿ ನನಗೂ ಹೇಳಿರಲಿಲ್ಲ. ಇನ್ನೇನು ಮುಂದುವರಿಸುತ್ತಾನೆ ಎಂದುಕೊಂಡೆವು. ಅವನು ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಕೈಯೆತ್ತಿದ. ಪ್ಯಾರಾ ಮೊದಲಿಂದ.

ಎರಡನೆಯ ಸಲ ಪೆಪ್ಪರ್‌ಮೆಂಟ್ ಇರಲಿಲ್ಲ. ಮೂರನೆಯ ಸಲಕ್ಕೆ ಸಂಜೆ ಮುಸ್ಸಂಜೆಯಾಗಿತ್ತು. ಆಮೇಲೆ ಹಕ್ಕಿಗಳು ಗೂಡಿಗೆ ಮರಳತೊಡಗಿದವು. ಪ್ರತಿ ಸಲ ಹಿಂದಕ್ಕೆ ಹೋದಾಗಲೂ ನಾಲಿಗೆ ಸಲೀಸಾಯಿತು, ದನಿ ತುಂಬಿಕೊಂಡಿತು, ವಾಕ್ಯ ಉದ್ದವಾಯಿತು. ಕೊನೆಗೆ ಒಂದಿಷ್ಟೂ ತಡವರಿಸದೆ ಅವನು ಹೇಳಿದ್ದು ಇದು: "ಮುಸ್ಸಂಜೆಯ ಮಂದ ಬೆಳಕಿನಲ್ಲಿ ವಿಧಿಯು ಅಬೋಧ ಬಾಲಕನೊಬ್ಬನ ಬಾಯಿಂದ ಒಂದು ಮಾತನ್ನು ಆಡಿಸಿತು."

ಮೇಡಂ ಗುಂಡಿ ಒತ್ತಿ, "ಅಣ್ಣ, ಮೊದಲನೇದನ್ನೇ ಇಟ್ಕೊಳ್ಳೋಣ್ವಾ?" ಎಂದರು.

"ಅದ್ರಲ್ಲಿ ತಪ್ಪಿದೆಯಲ್ಲಮ್ಮ. ತಪ್ಪಿರೋದನ್ನ ಇಟ್ಕೊಳ್ಳೋ ಪದ್ಧತಿ ನಮ್ಮಲ್ಲೆಲ್ಲಿದೆ?"

ಮೇಡಂ ನನ್ನ ಮುಖ ನೋಡಿದರು. ಮನೆ ಅವರದು, ಪದ್ಧತಿ ಅವರದು. ನಾನು ಹೊಟ್ಟೆಯಿಂದ ಹೆಸರಾದ ಅತಿಥಿ. ಅವರು ಅಳಿಸಿದರು.

ಇಡೀ ಪುಸ್ತಕ ಹಾಗೇ ಆಯಿತು. ಚಪ್ಪಲಿಯ ಏಟು ಹೋಗಿ ಆ ಜಾಗದಲ್ಲಿ ಒಂದು ಕಿಟಕಿ ಬಂತು. ಬಿಸಿ ಉರುಳೆ ಹೋಗಿ ಬಿಳಿ ಬಟ್ಟೆಗಳು ಬಂದವು, ಅವು ಗಾಳಿಗೆ ತೂಗಿದವು. ಕೊನೆಗೆ ಕೆಲವೇ ಪುಟ ಉಳಿದಿರುವಾಗ ಅಕ್ಕ ತಮ್ಮನ ತಲೆ ನೇವರಿಸಿ, ಮಗೂ, ಕ್ಷಮಿಸಲು ಏನಿದೆ ಎಂದರು. ಆ ಪ್ಯಾರಾವನ್ನು ಅವನು ಒಂದೇ ಉಸಿರಿಗೆ ಹೇಳಿದ. ಒಮ್ಮೆಯೂ ಹಿಂದಕ್ಕೆ ಹೋಗಬೇಕಾಗಲಿಲ್ಲ.

ಧ್ವನಿ ಕೇಳಿ ಕಾಗದಕ್ಕಿಳಿಸಿದ್ದನ್ನು ಓದಿ ಪ್ರಕಾಶಕರಿಗೆ ಬಹಳ ಮೆಚ್ಚಿಗೆಯಾಯಿತು. ಬಿಡುಗಡೆಯ ಸಭೆಯಲ್ಲಿ ಭಾಷಣಕಾರರು, ಇದು ಒಬ್ಬ ವ್ಯಕ್ತಿಯ ದನಿ ಅಲ್ಲ, ಇಡೀ ನಾಡಿನ ದನಿ ಎಂದರು. ಅಷ್ಟು ನಿಖರವಾದ ವಿಮರ್ಶೆಯನ್ನು ನಾನು ಮತ್ತೆ ಕೇಳಿಲ್ಲ. ಜನ ಚಪ್ಪಾಳೆ ತಟ್ಟಿದರು. ಪ್ಯಾರಣ್ಣ ಎದ್ದು ಕೈಮುಗಿದ, ಕಾಲು ಎಡವಿ ಮೈಕಿನ ತಂತಿಗೆ ಸಿಕ್ಕಿತು, ಹಿಂದಕ್ಕೆ ಹೋಗಿ ಕೂತು ಮತ್ತೆ ಎದ್ದು ಕೈಮುಗಿದ.

ಅಕ್ಕ ಸಭೆಗೆ ಬಂದಿರಲಿಲ್ಲ. ಅವರಿಗೆ ತಮ್ಮನ ದನಿಯಲ್ಲೇ ಪುಸ್ತಕ ಹೋಯಿತು. ದಿನಾ ಸ್ವಲ್ಪ ಸ್ವಲ್ಪ ಕೇಳುತ್ತಿದ್ದರಂತೆ. ಕೊನೆಯ ಭಾಗ ಕೇಳುವ ದಿನ ಪ್ಯಾರಣ್ಣ ನನ್ನನ್ನು ಕಾಫಿಗೆ ಕರೆದ. ಒಬ್ಬನೇ ಇರಲು ಅವನಿಗೆ ಧೈರ್ಯವಿರಲಿಲ್ಲ. ಕಾಫಿ ಎಂದರೆ ನಾನು ಹೋಗದ ಜಾಗವಿಲ್ಲ.

ಅಕ್ಕ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಸುಟ್ಟ ಗುರುತಿನ ಕೈ ಯಂತ್ರದ ಮೇಲಿತ್ತು. ತಮ್ಮನ ದನಿ ಕೋಣೆ ತುಂಬ ಹರಡಿ ತಗ್ಗಿ, ಕ್ಷಮಿಸಿ, ನಿಂತಿತು. ಅಕ್ಕ ಗುಂಡಿ ತಡಕಿ ಆರಿಸಿದರು.

"ಒಳ್ಳೆ ಹೆಂಗಸು ಕಣೋ ಅವ್ಳು," ಎಂದರು. "ನಂಗೆ ಅವ್ಳನ್ನ ಕಂಡ್ರೆ ಆಗಲ್ಲ."

ಪ್ಯಾರಣ್ಣ ನಕ್ಕ ಹಾಗೆ ಮಾಡಿದ. ಅಕ್ಕ ಅವನಿದ್ದ ಕಡೆಗೆ ಮುಖ ತಿರುಗಿಸಿದರು.

"ನಾನ್ ಯಾವಾಗ ಕ್ಷಮಿಸ್ದೆ ನಿನ್ನ?"

"ಅಕ್ಕ, ಅದು ಕಾದಂಬರಿ. ನಮ್ಮ ಕಾದಂಬರಿಗಳಲ್ಲಿ ಕೊನೇಗೆ ಹಾಗೇ... ಹಾ... ಅಕ್ಕ, ಅದು ಕಾದಂಬರಿ. ನಮ್ಮ ಕಾದಂಬರಿಗಳಲ್ಲಿ..."

"ಸಾಕು, ನಿಲ್ಸು. ಮತ್ತೆ ಮೊದಲಿಂದ ಬೇಡ." ಅಕ್ಕನ ಒರಟು ಗಂಟಲು ಏರಲಿಲ್ಲ. "ಆ ಡ್ರೈವರ್‌ನ ಕಳ್ಸಿದ್ದು ವಿಧಿ ಅಂತೀಯಲ್ಲೋ. ವಿಧಿ ಬಂದು ನನ್ ತಟ್ಟೇಲಿ ಉಂಡಿತ್ತೇನೋ ಅಷ್ಟು ವರ್ಷ? ನೀನು ತಾನೆ ಉಂಡಿದ್ದು? ಒಂದು ಸಲ ನಾನ್ ಹೇಳ್ದೆ ಅಕ್ಕ ಅಂದಿದ್ರೆ... ಇದ್ದದ್ದು ಅದೊಂದು ನಂಗೆ. ನಿನ್ ಮೇಲಿನ ಸಿಟ್ಟು. ಅದನ್ನೂ ಕೊಟ್ಬಿಟ್ಟೆಯಲ್ಲೋ ಊರಿಗೆಲ್ಲ, ಕ್ಷಮಿಸಿದಾಳೆ ಅಂತ."

ಅವನು ಬಾಯಿ ತೆರೆದ. ಮೊದಲನೆಯ ಸಲ ಹೇಳಿದ್ದು ಅವನಿಗೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ನೆನಪಿತ್ತು. ಪೆಪ್ಪರ್‌ಮೆಂಟ್ ಎಂದು ಒಂದೇ ಒಂದು ಪದ ಅವನು ಹೇಳಲಿ ಎಂದು ಕಾಫಿ ಲೋಟ ಹಿಡಿದು ಕಾದೆ. ಹೊರಬಂದದ್ದು ಒಂದು ನಿಟ್ಟುಸಿರು, ವಾಕ್ಯದ ಕೊನೆಯಲ್ಲಿ ಬಿಡುತ್ತಿದ್ದಂಥದ್ದೇ. ಆಮೇಲೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.

ಕಣ್ಣು ಕಾಣದ ಅಕ್ಕನಿಗೂ ಅದು ತಿಳಿಯಿತು. "ನೋಡಿ ಸಾರ್," ಎಂದರು ನನಗೆ, "ಕಿಟಕಿಗ್ ಹೋದ."

ಮರುವಾರವೇ ಅಕ್ಕ ಓದುಮನೆಗೆ ಹೇಳಿ ಕಳಿಸಿದರು. ತಮ್ಮನ ದನಿಯ ಪುಸ್ತಕ ಇನ್ನು ಬೇಡ, ಬೇರೆ ಯಾರು ಓದಿದ್ದಾದರೂ ಸರಿ. ಅಲ್ಲಿನ ಪುಸ್ತಕಗಳಲ್ಲಿ ಅವನು ಓದದ್ದು ಇದ್ದರಲ್ಲವೇ? ಹುಡುಕಿ ಹುಡುಕಿ ಮೇಡಂ ನನ್ನದನ್ನು ಕಳಿಸಿದರು. ಅಭಿಪ್ರಾಯ ಏನೆಂದು ನಾನು ನಾಚಿಕೆ ಬಿಟ್ಟು ವಿಚಾರಿಸಿದೆ. ಅಕ್ಕ ಹೇಳಿ ಕಳಿಸಿದ್ದು ಹೀಗೆ: ಹೆಂಡತಿ ಸುಳ್ಳು, ಲಟ್ಟಣಿಗೆ ಸುಳ್ಳು, ನಗು ಬರಲಿಲ್ಲ. ನಡುವೆ ಒಂದು ಕಡೆ ಹೊಟ್ಟೆ ಗುಡುಗಿತಲ್ಲ, ಆ ಮನುಷ್ಯನಿಗೆ ನಿಜವಾಗಿ ಹಸಿವಾಗಿತ್ತು. ಅಷ್ಟನ್ನು ಎರಡು ಸಲ ಹಾಕಿಸಿ ಕೇಳಿದೆ.

ನನ್ನ ಬರವಣಿಗೆಗೆ ಇಷ್ಟು ವರ್ಷದಲ್ಲಿ ಸಿಕ್ಕ ಪ್ರಾಮಾಣಿಕ ಮೆಚ್ಚುಗೆ ಅದೊಂದೇ, ಅದೂ ನಾನು ಬರೆಯದ ಭಾಗಕ್ಕೆ.

ಪ್ಯಾರಣ್ಣ ಈಗಲೂ ಓದುಮನೆಯಲ್ಲಿದ್ದಾನೆ. ಅವನ ಪುಸ್ತಕ ಎರಡನೆಯ ಮುದ್ರಣ ಕಂಡಿತು. ಅದರ ಕೊನೆಯ ಪುಟಗಳನ್ನು ಶಾಲೆಯ ಪಾಠಕ್ಕೆ ಆರಿಸಿದ್ದಾರೆ, ಅಕ್ಕ ಕ್ಷಮಿಸುವ ಭಾಗವನ್ನೇ. ಇನ್ನು ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಮುಂದೆ ತಮ್ಮ ತಮ್ಮ ಅಕ್ಕಂದಿರನ್ನು ಹಾಗೇ ಬರೆಯುತ್ತಾರೆ.

ಹೋದ ತಿಂಗಳು ಕಾಫಿ ಕೋಣೆಯಲ್ಲಿ ಸಿಕ್ಕ. ಬಡಕಲಾಗಿದ್ದ. ಪಾಠಕ್ಕೆ ಸೇರಿದ್ದಕ್ಕೆ ಅಭಿನಂದನೆ ಹೇಳಿದೆ, ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡೇ ತಲೆಬಾಗಿ ಸ್ವೀಕರಿಸಿದ. ಬಹಳ ಹೊತ್ತು ಅದೂ ಇದೂ ಮಾತಾಡಿ, ತಡೆಯಲಾರದೆ ಕೇಳಿಯೇಬಿಟ್ಟೆ.

"ಪ್ಯಾರಣ್ಣ, ಅಕ್ಕ ಈಗ್ಲೂ ಕ್ಷಮಿಸಿಲ್ಲ ಅಂತಾರಾ?"

ಅವನು ಲೋಟ ಕೆಳಗಿಟ್ಟ. ಒಂದಿಷ್ಟೂ ತಡವರಿಸಲಿಲ್ಲ.

"ಇಲ್ಲ ಸಾರ್. ಈಗ ಬರೀ ಊಟ ಮಾಡು ಅಂತಾಳೆ."